ಅವೇ ಗುಂಡಿ, ಎರಡು ಉತ್ತರ

ನಿಮ್ಮ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆರೆಯಿರಿ. ಮಧ್ಯದಲ್ಲಿ ಎಲ್ಲೂ ನಿಲ್ಲಿಸದೆ ಹೀಗೆ ಒತ್ತುತ್ತಾ ಹೋಗಿ:

1000 × 1.1 + 1000 × 1.1 + 1000 × 1.1 =

3300 ಬರುತ್ತದೆ. ಈಗ ಊರಿನ ಕಿರಾಣಿ ಅಂಗಡಿಗೋ ಗೊಬ್ಬರದ ಅಂಗಡಿಗೋ ಹೋಗಿ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ದಪ್ಪ ಗುಂಡಿಗಳ ಕ್ಯಾಲ್ಕುಲೇಟರ್ ಇರುತ್ತದಲ್ಲ, ಅದನ್ನು ಕೇಳಿ ತೆಗೆದುಕೊಂಡು ಅವೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿ. 3641 ಬರುತ್ತದೆ.

ಎರಡರಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ. ನಿಮ್ಮ ಬೆರಳೂ ತಪ್ಪಿಲ್ಲ. ಆದರೂ 341 ರೂಪಾಯಿ ವ್ಯತ್ಯಾಸ. ಈ 341 ರೂಪಾಯಿಯ ಸಲುವಾಗಿ ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಎಂಟು ದಿನ ಕಳ್ಳಿ ಅನ್ನಿಸಿಕೊಳ್ಳಬೇಕಾಯಿತು. ಊರಿನ ಹೆಸರು, ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಲೆಕ್ಕ ಮಾತ್ರ ಬರೆಯುತ್ತೇವೆ, ಯಾಕೆಂದರೆ ಆ ಲೆಕ್ಕ ಎಲ್ಲ ಊರಿನಲ್ಲೂ ಇದೆ.

ಸುದ್ದಿ ಹಾಕ್ರಿ ಅಂತ ಫೋನು

ನಾವು ಇಬ್ಬರು. ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಒಂದೇ ಜಿಲ್ಲೆಯಲ್ಲಿ ಬೇರೆ ಬೇರೆ ಪತ್ರಿಕೆಗಳಿಗೆ ಸ್ಟ್ರಿಂಗರ್ ಆದವರು. ಬೈಕು ಒಂದೇ. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ಹಣ ನುಂಗಿದ ಸುದ್ದಿಗೆ ಯಾವಾಗಲೂ ಜಾಗ ಸಿಗುತ್ತದೆ. ಗಟಾರ ಕಟ್ಟಿಕೊಂಡ ಸುದ್ದಿಗೆ ಸಿಗುವುದಿಲ್ಲ.

ಫೋನು ಬಂದದ್ದು ಬೆಳಿಗ್ಗೆ. ‘ಮಹಿಳಾ ಸಂಘದಾಗ ಐದು ಸಾವಿರ ನುಂಗ್ಯಾರ ರೀ, ಸುದ್ದಿ ಹಾಕ್ರಿ’ ಅಂತ. ಸಂಘದ ಒಬ್ಬ ಸದಸ್ಯೆಯ ಯಜಮಾನರು ಮಾತಾಡಿದ್ದು. ಕಚೇರಿಗೆ ತಿಳಿಸಿದಾಗ ಸಂಜೆ ಐದರೊಳಗೆ ಫೋಟೋ ಸಮೇತ ಕಳಿಸಿ ಅಂದರು.

ಹೋಗಿ ನೋಡಿದರೆ ವಿಷಯ ಹೀಗಿತ್ತು. ಸಂಘದಲ್ಲಿ 15 ಹೆಣ್ಣುಮಕ್ಕಳು. ಪ್ರತಿ ಯುಗಾದಿಗೆ ತಲಾ 1000 ರೂಪಾಯಿ ಕಟ್ಟುವುದು, ಆ ಹಣವನ್ನು ಸಂಘದೊಳಗೇ ಸಾಲ ಕೊಡುವುದು, ಉಳಿತಾಯಕ್ಕೆ ವರ್ಷಕ್ಕೆ ನೂರಕ್ಕೆ 10ರಂತೆ ಬಡ್ಡಿ ಸೇರಿಸುತ್ತಾ ಹೋಗುವುದು, ಮೂರು ವರ್ಷ ತುಂಬಿದ ಮೇಲೆ ಎಲ್ಲರಿಗೂ ಹಂಚುವುದು. ಇದು ಅವರೇ ಠರಾವು ಮಾಡಿಕೊಂಡ ನಿಯಮ.

ಹಂಚುವ ದಿನ ಹತ್ತಿರ ಬಂದಾಗ, ಪುಸ್ತಕ ಬರೆಯುವ ಅಕ್ಕನ ಮನೆಯಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಫೋನಿನಲ್ಲಿ ಲೆಕ್ಕ ಹಾಕಿ ಬಿಳಿ ಹಾಳೆಯಲ್ಲಿ ಅಂದವಾಗಿ ಬರೆದುಕೊಟ್ಟ. ತಲಾ 3300. ಆ ಹಾಳೆಯನ್ನು ಸಂಘದ ಗೋಡೆಗೆ ಅಂಟಿಸಿದರು. ಅದನ್ನು ನೋಡಿಕೊಂಡು ಹೋದ ಯಜಮಾನರು ಕಿರಾಣಿ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಅದೇ ಲೆಕ್ಕ ಒತ್ತಿದರು. ಬಂದದ್ದು 3641. ತಲೆಗೆ 341, ಹದಿನೈದು ಮಂದಿಗೆ 5115. ಅಂಗಡಿಯಲ್ಲಿ ಆಗ ನಾಲ್ಕು ಜನ ಇದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಪುಸ್ತಕ ಬರೆಯುವ ಅಕ್ಕ ಸಂಘದ ಸಭೆಗೆ ಬರುವುದು ಬಿಟ್ಟಿದ್ದರು. ನೀರಿನ ನಲ್ಲಿಗೂ ಮಗಳನ್ನೇ ಕಳಿಸುತ್ತಿದ್ದರು. ನಾವು ಮನೆಗೆ ಹೋದಾಗ ಮೊದಲು ಮಾತಾಡಲಿಲ್ಲ. ಆಮೇಲೆ ಒಳಗಿಂದ ರಟ್ಟಿನ ಪುಸ್ತಕ ತಂದು ಮುಂದಿಟ್ಟರು.

‘ನಾ ಓದಿದ್ದು ಏಳನೇತ್ತಾ ಮಟ್ಟ ಅಷ್ಟ ರೀ. ಆದ್ರ ವರ್ಷಾ ವರ್ಷಾ ಬರದೀನಿ. ನನ್ನ ಪುಸ್ತಕ ಯಾರೂ ತೆರೆದು ನೋಡ್ಲಿಲ್ಲ. ಎಲ್ಲಾರೂ ಫೋನ್ ನೋಡಿದ್ರು, ಹಾಳಿ ನೋಡಿದ್ರು.’

ಪುಸ್ತಕದಲ್ಲಿ ಪ್ರತಿ ಸದಸ್ಯೆಗೂ ಒಂದು ಪುಟ. ಪುಟದಲ್ಲಿ ಇದ್ದದ್ದು ಇಷ್ಟು:

ಮೊದಲ ಯುಗಾದಿ: ಕಟ್ಟಿದ್ದು 1000. ವರ್ಷದ ಕೊನೆಗೆ ಬಡ್ಡಿ ಸೇರಿ 1100.

ಎರಡನೇ ಯುಗಾದಿ: 1100ಕ್ಕೆ 1000 ಕೂಡಿಸಿ 2100. ವರ್ಷದ ಕೊನೆಗೆ 2310.

ಮೂರನೇ ಯುಗಾದಿ: 2310ಕ್ಕೆ 1000 ಕೂಡಿಸಿ 3310. ವರ್ಷದ ಕೊನೆಗೆ 3641.

ಪುಸ್ತಕ ಸರಿ ಇತ್ತು. ಕಿರಾಣಿ ಅಂಗಡಿಯ ಉತ್ತರವೂ ಅದೇ. ಬ್ಯಾಂಕಿನ ಪಾಸ್‌ಬುಕ್ ತೆಗೆಸಿ ನೋಡಿದೆವು. ಸಾಲ ಎಲ್ಲ ವಾಪಸ್ಸು ಬಂದಿತ್ತು, ಹದಿನೈದು ಮಂದಿಗೆ 3641ರಂತೆ ಬೇಕಾದ 54,615 ರೂಪಾಯಿ ಖಾತೆಯಲ್ಲಿತ್ತು. ನುಂಗಿದರು ಅಂದ ಹಣ ಬ್ಯಾಂಕಿನಲ್ಲೇ ತಣ್ಣಗೆ ಕೂತಿತ್ತು. ತಪ್ಪಿದ್ದು ಗೋಡೆಯ ಮೇಲಿನ ಹಾಳೆ ಒಂದೇ.

ಅವತ್ತು ಸಂಜೆ ಗುಡಿ ಕಟ್ಟೆಯ ಮೇಲೆ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿಕೊಂಡು, ಒಂದು ಕೈಲಿ ಫೋನು, ಒಂದು ಕೈಲಿ ಅಂಗಡಿಯ ಕ್ಯಾಲ್ಕುಲೇಟರು ಹಿಡಿದು, ಒಂದೊಂದೇ ಗುಂಡಿ ಒತ್ತಿ ತೋರಿಸಿದೆವು. ಎರಡು ಉತ್ತರ ಎಲ್ಲಿ ಬೇರೆಯಾಗುತ್ತವೆ ಅಂತ ಕಣ್ಣಾರೆ ಕಂಡ ಮೇಲೆ ಗಲಾಟೆ ನಿಂತಿತು. ಫೋನು ಮಾಡಿದ್ದ ಯಜಮಾನರು ಕಟ್ಟೆಯ ಹತ್ತಿರ ಬರಲಿಲ್ಲ, ಅವರ ಹೆಂಡತಿ ಬಂದು ಅಕ್ಕನ ಪಕ್ಕದಲ್ಲಿ ಕೂತರು. ಕಚೇರಿಗೆ ಸುದ್ದಿ ಇಲ್ಲ ಅಂತ ತಿಳಿಸಿದೆವು. ಆ ದಿನದ ಪೆಟ್ರೋಲು ನಮ್ಮದೇ.

ಫೋನು ಮಾಡಿದ್ದೇನು, ಅಂಗಡಿ ಯಂತ್ರ ಮಾಡಿದ್ದೇನು

ಅಂಗಡಿಯ ಸಾದಾ ಕ್ಯಾಲ್ಕುಲೇಟರಿಗೆ ಮುಂದೆ ಏನು ಬರುತ್ತದೆ ಅನ್ನುವ ಚಿಂತೆ ಇಲ್ಲ. ಬಂದಷ್ಟನ್ನು ಬಂದ ಹಾಗೆ ಮುಗಿಸುತ್ತಾ ಹೋಗುತ್ತದೆ. 1000ವನ್ನು 1.1ರಿಂದ ಗುಣಿಸಿ 1100. ಅದಕ್ಕೆ 1000 ಕೂಡಿಸಿ 2100. ಮುಂದೆ ಗುಣಾಕಾರದ ಗುಂಡಿ ಒತ್ತಿದರೆ ಆ ಇಡೀ 2100 ಗುಣಿಸಲ್ಪಡುತ್ತದೆ. ಅಕ್ಕನ ಪುಸ್ತಕದ ಸಾಲುಗಳೇ ಅಲ್ಲಿ ಒಂದರ ಹಿಂದೆ ಒಂದು ಮೂಡುತ್ತವೆ.

ಈಗಿನ ಫೋನುಗಳು ಹಾಗಲ್ಲ. ಅವು ಶಾಲೆಯಲ್ಲಿ ಕಲಿತ ಬೋಡ್‌ಮಾಸ್ ನಿಯಮ ಪಾಲಿಸುತ್ತವೆ. ಸಾಲು ಪೂರ್ತಿ ಬರಲಿ ಅಂತ ಕಾದು, ಮೊದಲು ಎಲ್ಲ ಗುಣಾಕಾರ ಮುಗಿಸಿ, ಆಮೇಲೆ ಕೂಡುತ್ತವೆ. ಹಾಗಾಗಿ ಫೋನು ಮೂರು ಸಾವಿರಗಳನ್ನೂ ಬೇರೆ ಬೇರೆಯಾಗಿ ಒಂದೊಂದೇ ಸಲ ಗುಣಿಸಿ, 1100, 1100, 1100 ಅಂತ ಕೂಡಿ 3300 ಅಂದಿತು. ಅಂದರೆ ಮೊದಲ ವರ್ಷ ಕಟ್ಟಿದ ಹಣಕ್ಕೂ ಒಂದೇ ವರ್ಷದ ಬಡ್ಡಿ, ಕೊನೆಯ ವರ್ಷ ಕಟ್ಟಿದ್ದಕ್ಕೂ ಒಂದೇ ವರ್ಷದ ಬಡ್ಡಿ. ನಿಜವಾಗಿ ಸಿಗಬೇಕಾದದ್ದು ಬೇರೆ: ಮೂರು ವರ್ಷ ದುಡಿದ ಸಾವಿರಕ್ಕೆ 1331, ಎರಡು ವರ್ಷ ದುಡಿದದ್ದಕ್ಕೆ 1210, ಒಂದು ವರ್ಷದ್ದಕ್ಕೆ 1100. ಕೂಡಿ ನೋಡಿ, 3641.

ಯಂತ್ರಕ್ಕೆ ಬಡ್ಡಿ ಅಂದರೇನು ಗೊತ್ತಿಲ್ಲ. ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಂದೇ ಗುಂಡಿಗಳ ಸಾಲು ಈ ಎರಡು ಯಂತ್ರಗಳಿಗೆ ಎರಡು ಬೇರೆ ಪ್ರಶ್ನೆ.

ಒಂಬತ್ತನೇ ತರಗತಿಯಲ್ಲಿ ಓದಿದ್ದು ಇದೇ

ಒಂಬತ್ತು, ಹತ್ತನೇ ತರಗತಿಯಲ್ಲಿ ‘ಬಹುಪದೋಕ್ತಿಗಳು’ ಅಂತ ಒಂದು ಪಾಠ ಇದೆ. x, x ವರ್ಗ, x ಘನ ಅಂತ ಬರೆದು, ‘x = 2 ಆದಾಗ ಬೆಲೆ ಕಂಡುಹಿಡಿಯಿರಿ’ ಅಂತ ಕೇಳುತ್ತಾರೆ. ಇದರಿಂದ ಏನು ಉಪಯೋಗ ಅಂತ ಕ್ಲಾಸಿನಲ್ಲಿ ಯಾರಾದರೂ ಕೇಳಿದ್ದರೆ ಅಕ್ಕನ ಪುಸ್ತಕ ತೋರಿಸಬಹುದಿತ್ತು. ಬಡ್ಡಿ ಸೇರಿಸುವ 1.1ಕ್ಕೆ x ಅಂತ ಹೆಸರಿಡಿ. ಮೂರು ವರ್ಷದ ಉಳಿತಾಯ ಹೀಗಾಗುತ್ತದೆ:

1000x³ + 1000x² + 1000x

ಇದೇ ಬಹುಪದೋಕ್ತಿ. ಪ್ರತಿ ವರ್ಷ ಕಟ್ಟುವ ಹಣ ಸಹಗುಣಕ, ಎಷ್ಟು ವರ್ಷ ದುಡಿಯಿತು ಅನ್ನುವುದು ಘಾತ. ಇದರ ಬೆಲೆ ಕಟ್ಟಲು ಎರಡು ದಾರಿ. ಒಂದೊಂದು ಪದವನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೊನೆಗೆ ಕೂಡುವುದು ಒಂದು ದಾರಿ. ಅಕ್ಕನ ದಾರಿ ಇನ್ನೊಂದು:

((1000x + 1000)x + 1000)x

ಗುಣಿಸು, ಕೂಡು. ಗುಣಿಸು, ಕೂಡು. ಗುಣಿಸು. ಯಾವ ಹೊತ್ತಿಗೂ ನೆನಪಿಡಬೇಕಾದದ್ದು ಒಂದೇ ಸಂಖ್ಯೆ. ಹಿಂದಿನ ಪುಟ ತಿರುಗಿಸುವ ಕೆಲಸ ಇಲ್ಲ.

ನೀವು ಫೋನಿನಲ್ಲಿ ಹಣ ಕಳಿಸುವಾಗ 4325 ಅಂತ ಒತ್ತುವುದನ್ನು ಗಮನಿಸಿ. ಪರದೆಯ ಮೇಲೆ ಮೊದಲು 4 ಮೂಡುತ್ತದೆ, ಆಮೇಲೆ 43, 432, 4325. ನಾಲ್ಕನ್ನು ಹತ್ತರಿಂದ ಗುಣಿಸಿ ಮೂರು ಕೂಡಿದರೆ 43. ಅದನ್ನು ಹತ್ತರಿಂದ ಗುಣಿಸಿ ಎರಡು ಕೂಡಿದರೆ 432. ಮತ್ತೆ ಹತ್ತರಿಂದ ಗುಣಿಸಿ ಐದು ಕೂಡಿದರೆ 4325. ಅಂಕಿಗಳ ಸಾಲನ್ನು ಕಂಪ್ಯೂಟರ್ ಪ್ರೋಗ್ರಾಂ ಸಂಖ್ಯೆಯಾಗಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ಹೀಗೇ. 4325 ಅನ್ನುವುದೇ 4x³ + 3x² + 2x + 5 ಅನ್ನುವ ಬಹುಪದೋಕ್ತಿ, x ಜಾಗದಲ್ಲಿ ಹತ್ತು ಇಟ್ಟದ್ದು. ಎಣಿಕೆ ಕಲಿತವರೆಲ್ಲ ಇದನ್ನು ದಿನಾ ಮಾಡುತ್ತಾರೆ.

ಈ ದಾರಿಯಲ್ಲಿ ಕೆಲಸ ಕಡಿಮೆ. ಘಾತ ಮೂರರ ತನಕ ಇರುವ ಬಹುಪದೋಕ್ತಿಯನ್ನು ಪದ ಪದವಾಗಿ, ಪ್ರತಿ ಸಲ ಮೊದಲಿಂದ ಗುಣಿಸುತ್ತಾ ಹೋದರೆ 3, 2, 1 ಅಂತ ಒಟ್ಟು 6 ಗುಣಾಕಾರ. ಅಕ್ಕನ ದಾರಿಯಲ್ಲಿ 3. ಘಾತ ಹತ್ತಾದರೆ ಆ ಕಡೆ 55, ಈ ಕಡೆ 10. ಇದಕ್ಕಿಂತ ಕಡಿಮೆ ಮಾಡಬಹುದೇ ಅಂತ 1954ರಲ್ಲಿ ಓಸ್ಟ್ರೋವ್‌ಸ್ಕಿ ಅನ್ನುವ ಗಣಿತಜ್ಞ ಕೇಳಿದರು. ಯಾವುದೇ ಸಹಗುಣಕ ಬಂದರೂ ನಡೆಯುವ ದಾರಿ ಬೇಕೆಂದರೆ ಇದಕ್ಕಿಂತ ಕಡಿಮೆ ಗುಣಾಕಾರದಲ್ಲಿ ಆಗುವುದಿಲ್ಲ ಅಂತ 1966ರಲ್ಲಿ ವಿಕ್ಟರ್ ಪ್ಯಾನ್ ಸಾಧಿಸಿ ತೋರಿಸಿದರು. ಏಳನೇತ್ತಾ ಓದಿದ ಅಕ್ಕನ ಪುಸ್ತಕದಲ್ಲಿ ಒಂದೇ ಒಂದು ಗುಣಾಕಾರವೂ ಹೆಚ್ಚಿಗೆ ಇರಲಿಲ್ಲ.

ಹೆಸರು ಹಾರ್ನರ್‌ದು, ದಾರಿ ಹಳೆಯದು

ಪುಸ್ತಕಗಳಲ್ಲಿ ಇದಕ್ಕೆ ಹಾರ್ನರ್ ವಿಧಾನ ಅನ್ನುತ್ತಾರೆ. ವಿಲಿಯಂ ಜಾರ್ಜ್ ಹಾರ್ನರ್ ಇಂಗ್ಲೆಂಡಿನ ಬಾತ್ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಮೇಷ್ಟ್ರು. 1819ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಆದರೆ ಚೀನಾದ ಚಿನ್ ಜಿಯುಶಾವೊ 1247ರಲ್ಲಿ ಬರೆದ ಗಣಿತದ ಪುಸ್ತಕದಲ್ಲೇ ಈ ದಾರಿ ಇದೆ.

ಕೇರಳದಲ್ಲೂ ಇದೆ. ಹದಿನಾಲ್ಕನೇ ಶತಮಾನದ ಸಂಗಮಗ್ರಾಮದ ಮಾಧವನದು ಎಂದು ಹೇಳುವ, ಸೈನ್ ಬೆಲೆ ಕಂಡುಹಿಡಿಯುವ ಒಂದು ಶ್ಲೋಕ ಇದೆ. ಅದರಲ್ಲಿ ಐದು ಸಂಖ್ಯೆಗಳನ್ನು ಕಟಪಯಾದಿ ಪದ್ಧತಿಯಲ್ಲಿ ಪದಗಳ ಒಳಗೆ ಬಚ್ಚಿಟ್ಟಿದ್ದಾರೆ. ಅತಿ ಚಿಕ್ಕ ಸಂಖ್ಯೆಯಿಂದ ಶುರು ಮಾಡಿ, ಗುಣಿಸಿ, ಮುಂದಿನದರಿಂದ ಕಳೆದು, ಮತ್ತೆ ಗುಣಿಸಿ, ಮತ್ತೆ ಕಳೆಯುತ್ತಾ ಹೋಗಬೇಕು. ಕೂಡುವ ಕಡೆ ಕಳೆಯುವುದು ಬಂತು, ಅಷ್ಟೇ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಒಂದೇ ಸಂಖ್ಯೆ ನೆನಪಿಟ್ಟುಕೊಂಡು ಮುಂದೆ ಹೋಗುವ ದಾರಿಗೆ ಬೆಲೆ ಹೆಚ್ಚು.

ನಮ್ಮ ಕರ್ನಾಟಕದ ಕೊಂಡಿ ಇನ್ನೂ ಹಳೆಯದು. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಆಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಸಂಸ್ಕೃತದ ಗ್ರಂಥ. ವರ್ಷ ವರ್ಷ ಒಂದೇ ಮೊತ್ತ ಕಟ್ಟಿದರೆ ನಮ್ಮ ಲೆಕ್ಕ ಗುಣೋತ್ತರ ಶ್ರೇಢಿ ಆಗುತ್ತದಲ್ಲ, ಅದನ್ನು ಕೂಡುವ ಸೂತ್ರ ಅದರಲ್ಲಿದೆ. ಘಾತವನ್ನು ಬೇಗ ಕಂಡುಹಿಡಿಯುವ ಉಪಾಯವೂ ಅದೇ ಸೂತ್ರದಲ್ಲಿ ಸೇರಿದೆ.

ಹತ್ತು ವರ್ಷಕ್ಕೆ 1.1ನ್ನು ಹತ್ತು ಸಲ ಗುಣಿಸಬೇಕು ಅನ್ನಿ. 10 ಸಮಸಂಖ್ಯೆ, ಅರ್ಧ ಮಾಡಿ 5. ಅದು ಬೆಸ, ಒಂದು ಕಳೆದು 4. ಅರ್ಧ 2, ಅರ್ಧ 1. ಈಗ ಹಿಂದಕ್ಕೆ ಬನ್ನಿ. ಅರ್ಧ ಮಾಡಿದ ಕಡೆ ವರ್ಗ ಮಾಡಿ, ಒಂದು ಕಳೆದ ಕಡೆ 1.1ರಿಂದ ಗುಣಿಸಿ. 1.1ರ ವರ್ಗ 1.21. ಅದರ ವರ್ಗ 1.4641. ಅದನ್ನು 1.1ರಿಂದ ಗುಣಿಸಿ 1.61051. ಅದರ ವರ್ಗ 2.5937. ಒಂಬತ್ತು ಗುಣಾಕಾರದ ಜಾಗದಲ್ಲಿ ನಾಲ್ಕು. ಇದರಲ್ಲಿ ಒಂದು ಕಳೆದು, ಮೊದಲ ಪದದಿಂದ ಗುಣಿಸಿ, 0.1ರಿಂದ ಭಾಗಿಸಿದರೆ ಒಟ್ಟು ಮೊತ್ತ. ನಮ್ಮ ಲೆಕ್ಕದಲ್ಲಿ ಮೊದಲ ಪದ 1100, ಅಂದರೆ ಕೊನೆಯ ವರ್ಷದ ಕಂತು ಬಡ್ಡಿ ಸೇರಿ ಆದದ್ದು. ವರ್ಷಕ್ಕೆ ಸಾವಿರದಂತೆ ಹತ್ತು ವರ್ಷ ಕಟ್ಟಿದರೆ ಸುಮಾರು 17,531 ರೂಪಾಯಿ.

ಆದರೆ ಈ ಸೂತ್ರ ನಡೆಯುವುದು ಪ್ರತಿ ವರ್ಷ ಅಷ್ಟೇ ಹಣ ಕಟ್ಟಿದಾಗ ಮಾತ್ರ. ಮಳೆ ಕೈಕೊಟ್ಟ ವರ್ಷ 500, ಮೆಣಸಿನಕಾಯಿಗೆ ರೇಟು ಬಂದ ವರ್ಷ 3000 ಅಂತ ಕಟ್ಟುವವರಿಗೆ ಸಾಲು ಸಾಲಾಗಿ ಬರೆಯುವ ಪುಸ್ತಕವೇ ಗತಿ. ನಮ್ಮ ಕಡೆ ಹೆಚ್ಚಿನವರು ಕಟ್ಟುವುದು ಹಾಗೆಯೇ.

ಗುಣಾಕಾರವೇ ಬೇಡ ಅಂದ ಮನುಷ್ಯ

ಗುಣಿಸುವುದನ್ನೇ ಪೂರ್ತಿ ಬಿಟ್ಟುಬಿಡಲು ಹೊರಟವರೂ ಇದ್ದರು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. ಆಗ ಲಾಗರಿದಮ್ ಕೋಷ್ಟಕ, ಹಡಗಿನವರ ಕೋಷ್ಟಕ ಎಲ್ಲವನ್ನೂ ಮನುಷ್ಯರು ಕೂತು ಲೆಕ್ಕ ಹಾಕಿ ಅಚ್ಚು ಮಾಡುತ್ತಿದ್ದರು. ತಪ್ಪುಗಳು ಬಹಳ. ಅದನ್ನು ಯಂತ್ರದಿಂದ ಮಾಡಿಸಬೇಕು ಅಂತ ಬ್ಯಾಬೇಜ್ 1822ರಲ್ಲಿ ಒಂದು ಚಿಕ್ಕ ಮಾದರಿ ತೋರಿಸಿದರು.

ಅದರ ಗುಟ್ಟು ಸುಲಭ. 1, 4, 9, 16, 25 ಅಂತ ವರ್ಗಗಳನ್ನು ಬರೆಯಿರಿ. ಪಕ್ಕ ಪಕ್ಕದವುಗಳ ವ್ಯತ್ಯಾಸ 3, 5, 7, 9. ಅವುಗಳ ವ್ಯತ್ಯಾಸ ಎಲ್ಲ ಕಡೆ 2. ಹಾಗಾದರೆ ಮುಂದಿನ ವರ್ಗಕ್ಕೆ ಗುಣಾಕಾರ ಬೇಡ. 9ಕ್ಕೆ 2 ಕೂಡಿ 11, 25ಕ್ಕೆ 11 ಕೂಡಿ 36. ಎಷ್ಟೇ ದೊಡ್ಡ ಬಹುಪದೋಕ್ತಿ ಆದರೂ ವ್ಯತ್ಯಾಸದ ವ್ಯತ್ಯಾಸ ತೆಗೆಯುತ್ತಾ ಹೋದರೆ ಒಂದು ಹಂತದಲ್ಲಿ ಬದಲಾಗದ ಸಂಖ್ಯೆ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಬರೀ ಕೂಡುವ ಕೆಲಸ. ಹಲ್ಲುಚಕ್ರಗಳಿಗೆ ಕೂಡುವುದು ಬರುತ್ತದೆ.

ಇಂಗ್ಲೆಂಡಿನ ಸರ್ಕಾರ ಹಣ ಕೊಟ್ಟಿತು, ಯಂತ್ರ ಮುಗಿಯಲಿಲ್ಲ, 1842ರಲ್ಲಿ ಕೈಬಿಟ್ಟಿತು. ಬ್ಯಾಬೇಜ್ ಆಮೇಲೆ ಬರೆದಿಟ್ಟ ಇನ್ನೊಂದು ಯಂತ್ರದ ನಕ್ಷೆ ನೋಡಿಕೊಂಡು, ಅವರು ಹುಟ್ಟಿ 200 ವರ್ಷ ತುಂಬಿದ 1991ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಅದರ ಲೆಕ್ಕದ ಭಾಗವನ್ನು ಕಟ್ಟಿದರು. ಅದು ಘಾತ ಏಳರ ತನಕದ ಬಹುಪದೋಕ್ತಿಗಳನ್ನು 31 ಅಂಕಿಗಳಷ್ಟು ಉದ್ದದ ಸಂಖ್ಯೆಗಳಲ್ಲಿ ಲೆಕ್ಕ ಹಾಕುತ್ತದೆ. ನಕ್ಷೆ ಸರಿ ಇತ್ತು.

ಜೇಬಿನೊಳಗಿನ ಬಹುಪದೋಕ್ತಿ

ನಿಮ್ಮ ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಅಥವಾ ಬಿಚ್ಚಿ ನೋಡಿದರೆ ಸೈನ್, ಲಾಗ್ ಅನ್ನುವ ಗುಂಡಿಗಳು ಕಾಣಬಹುದು. ಅಂತಹ ಬೆಲೆಗಳನ್ನು ಕಂಪ್ಯೂಟರ್ ಕೊಡುವುದು ಹೆಚ್ಚಾಗಿ ಬಹುಪದೋಕ್ತಿಯ ಸಹಾಯದಿಂದಲೇ. 30 ಡಿಗ್ರಿಯ ಸೈನ್ ಅರ್ಧ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. x ಜಾಗದಲ್ಲಿ 0.5236 ಇಟ್ಟು (30 ಡಿಗ್ರಿಯನ್ನು ರೇಡಿಯನ್‌ನಲ್ಲಿ ಹೇಳಿದರೆ ಇಷ್ಟು), x ನಿಂದ x³ನ್ನು 6ರಿಂದ ಭಾಗಿಸಿದ್ದನ್ನು ಕಳೆಯಿರಿ, x⁵ನ್ನು 120ರಿಂದ ಭಾಗಿಸಿದ್ದನ್ನು ಕೂಡಿ. 0.50000 ಬರುತ್ತದೆ. ಮೂರೇ ಪದಕ್ಕೆ ಅಷ್ಟು ಹತ್ತಿರ. ಮಾಧವನ ಶ್ಲೋಕದಲ್ಲಿರುವುದೂ ಇದೇ ಸರಣಿ.

ಕಂಪ್ಯೂಟರ್ ಒಳಗೆ ಹಾರ್ನರ್ ದಾರಿಗೆ ಒಂದು ತೊಡಕಿದೆ. ಒಂದು ಸಾಲು ಮುಗಿಯದೆ ಮುಂದಿನ ಸಾಲು ಶುರುವಾಗುವುದಿಲ್ಲ. ಲಾರಿಯಿಂದ ಚೀಲ ಇಳಿಸಲು ನಾಲ್ಕು ಹಮಾಲರಿದ್ದರೂ ಒಬ್ಬನೇ ಹೊತ್ತು, ಉಳಿದ ಮೂವರು ನಿಂತು ನೋಡಿದ ಹಾಗೆ. ಅದಕ್ಕೆ 1960ರಲ್ಲಿ ಜೆರಾಲ್ಡ್ ಎಸ್ಟ್ರಿನ್ ಅನ್ನುವವರು ಪದಗಳನ್ನು ಎರಡೆರಡು ಜೋಡಿ ಮಾಡಿ, ಜೋಡಿಗಳನ್ನು ಒಟ್ಟಿಗೆ ಲೆಕ್ಕ ಹಾಕಿ, ಆಮೇಲೆ ಸೇರಿಸುವ ದಾರಿ ತೋರಿಸಿದರು. ಗುಣಾಕಾರ ಸ್ವಲ್ಪ ಹೆಚ್ಚು, ಸಮಯ ಕಡಿಮೆ. ಒಂದೇ ಹೊತ್ತಿಗೆ ಹಲವು ಲೆಕ್ಕ ಮಾಡಬಲ್ಲ ಯಂತ್ರಕ್ಕೆ ಅದು ಒಗ್ಗುತ್ತದೆ. ಒಂದೇ ಪೆನ್ನಿರುವ ಸಂಘಕ್ಕೆ ಹಾರ್ನರ್ ದಾರಿಯೇ ಸಾಕು.

ಏಜೆಂಟ್ ಬಂದಾಗ

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ‘ವರ್ಷಕ್ಕೆ ಸಾವಿರದಂತೆ ಮೂರು ವರ್ಷ ಕಟ್ಟಿ, ಮೂರನೇ ವರ್ಷದ ಕೊನೆಗೆ 3500 ತಗೊಳ್ಳಿ, ಮೂರು ಸಾವಿರಕ್ಕೆ ಐನೂರು ಲಾಭ, ಹದಿನಾರು ಪರ್ಸೆಂಟಿಗಿಂತ ಹೆಚ್ಚು’ ಅಂತ ಹೇಳಿಕೊಂಡು ಹಳ್ಳಿಗೆ ಬರುವವರು ಬಹಳ. ಐನೂರನ್ನು ಮೂರು ಸಾವಿರದಿಂದ ಭಾಗಿಸಿದರೆ ನೂರಕ್ಕೆ 16.67, ನಿಜ. ಆದರೆ ಅದು ವರ್ಷದ ಬಡ್ಡಿ ಅಲ್ಲ.

ವರ್ಷದ ಬಡ್ಡಿ ತಿಳಿಯಲು ಲೆಕ್ಕವನ್ನು ತಿರುಗಿಸಬೇಕು. ಬೆಲೆ 3500 ಅಂತ ಗೊತ್ತು, x ಗೊತ್ತಿಲ್ಲ. ಹಾರ್ನರ್ ಮೇಷ್ಟ್ರು 1819ರಲ್ಲಿ ಬರೆದದ್ದು ಇಂತಹ ಪ್ರಶ್ನೆ ಬಿಡಿಸುವ ಬಗ್ಗೆಯೇ. ನಮಗೆ ಅಷ್ಟು ದೂರ ಹೋಗುವುದು ಬೇಡ, ಊಹೆ ಮಾಡಿ ಬೆಲೆ ಕಟ್ಟಿ ನೋಡಿದರೆ ಸಾಕು. ನೂರಕ್ಕೆ 10 ಅಂದುಕೊಂಡರೆ 3641, ಜಾಸ್ತಿ ಆಯಿತು. 8 ಅಂದುಕೊಳ್ಳಿ: 1080, ಸಾವಿರ ಕೂಡಿ 2080, ಬಡ್ಡಿ ಸೇರಿ 2246.40, ಸಾವಿರ ಕೂಡಿ 3246.40, ಬಡ್ಡಿ ಸೇರಿ 3506.11. ಇನ್ನೂ ಸ್ವಲ್ಪ ಜಾಸ್ತಿ. 7.9 ಹಾಕಿದರೆ 3499.46. ಸಿಕ್ಕಿತು. ಹದಿನಾರು ಅಂದದ್ದು ನಿಜವಾಗಿ ಎಂಟಕ್ಕೂ ಸ್ವಲ್ಪ ಕಡಿಮೆ. ಆ ಎಂಟಕ್ಕೆ ಕಟ್ಟಬೇಕೋ ಬೇಡವೋ ಅನ್ನುವುದು ನಿಮ್ಮ ಇಷ್ಟ. ಕಟ್ಟುವ ಮೊದಲು ಸಂಖ್ಯೆ ಗೊತ್ತಿರಲಿ.

ಸಂಘದ ಪುಸ್ತಕ ಬರೆಯುವ ಅಕ್ಕಂದಿರಿಗೆ, ತಮ್ಮಂದಿರಿಗೆ ಮೂರು ಮಾತು. ವರ್ಷಕ್ಕೊಂದು ಸಾಲು ಬರೆಯಿರಿ, ಕೊನೆಯ ಮೊತ್ತ ಮಾತ್ರ ಬರೆಯಬೇಡಿ. ಹಣ ಕಟ್ಟುವುದು ವರ್ಷದ ಮೊದಲಲ್ಲೋ ಕೊನೆಯಲ್ಲೋ ಅಂತ ಠರಾವಿನಲ್ಲಿ ಬರೆದಿಡಿ. ಕೊನೆಯಲ್ಲಿ ಕಟ್ಟುವುದಾದರೆ ಮೇಲಿನ ಲೆಕ್ಕದ ಉತ್ತರ 3641 ಅಲ್ಲ, 3310. ಪೈಸೆಯನ್ನು ಪ್ರತಿ ವರ್ಷ ಬಿಡುತ್ತೀರೋ ಕೊನೆಗೆ ಒಂದೇ ಸಲ ಬಿಡುತ್ತೀರೋ ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಫೋನಿನಲ್ಲಿ ಲೆಕ್ಕ ಹಾಕುವವರು ಪ್ರತಿ ಕಂತು ಕೂಡಿದ ಮೇಲೆ ಒಂದು ಸಲ = ಒತ್ತಿ, ಆಮೇಲೆ ಗುಣಿಸಿ. ಆಗ ಫೋನೂ ಅಂಗಡಿ ಯಂತ್ರದ ಹಾಗೆ ನಡೆದುಕೊಳ್ಳುತ್ತದೆ.

ಒಂದು ಲೆಕ್ಕ ಕೊಡುತ್ತೇವೆ, ಮಾಡಿ ನೋಡಿ. ಮೊದಲ ಯುಗಾದಿಗೆ 2000, ಎರಡನೆಯದಕ್ಕೆ 3000, ಮೂರನೆಯದಕ್ಕೆ 2500 ಕಟ್ಟಿದ್ದೀರಿ. ಬಡ್ಡಿ ನೂರಕ್ಕೆ 9. ಮೂರನೇ ವರ್ಷದ ಕೊನೆಗೆ ಎಷ್ಟು? 8879 ರೂಪಾಯಿ 36 ಪೈಸೆ ಬಂದರೆ ಸರಿ. 8175 ಬಂದರೆ ಮಧ್ಯದಲ್ಲಿ = ಒತ್ತಿಲ್ಲ. ಬೇರೆ ಏನಾದರೂ ಬಂದರೆ ಹಾಳೆ ಪೆನ್ನು ತೆಗೆದುಕೊಂಡು ವರ್ಷಕ್ಕೊಂದು ಸಾಲು ಬರೆಯಿರಿ. ಎಲ್ಲಿ ತಪ್ಪಿತು ಅಂತ ಸಾಲೇ ತೋರಿಸುತ್ತದೆ.